ಹೊಳಿ ದಂಡೀ ಕಾದಂಬರಿ

ಆಗೆಲ್ಲ ನಮಗೆ ಬೇಸಿಗೆ ರಜೆ ಎಂದರೆ ಬೆಟಗೇರಿ. ಕೊನೆಯ ಪರೀಕ್ಷೆಯ ಮಸಿ ಬೆರಳಿನಿಂದ ಹೋಗುವ ಮೊದಲೇ ಸೊರಟೂರಿನಲ್ಲಿ ಬಸ್ಸು ಹತ್ತಿ, ಕಿಟಕಿಯ ಜಾಗಕ್ಕಾಗಿ ತಮ್ಮನ ಜೊತೆ ಗುದ್ದಾಡಿ, ಆಯಿಯ ಮನೆಗೆ ಬಂದು ಬೀಳುತ್ತಿದ್ದೆವು. ಆಯಿ ಎಂದರೆ ಅವ್ವನ ಅವ್ವ. ಓಣಿಯ ತಿರುವಿನಲ್ಲೇ ಮಗ್ಗಗಳ ಖಟಪಟ ಕೇಳಿಸುತ್ತಿತ್ತು. ಅಜ್ಜನದು ಗದಗಿನ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅವನು ಮನೆಯೊಳಗೆ ಕಾಲಿಟ್ಟರೆ ಸಾಕು, ಅಂಗಿಯ ಘಾಟಿಗೆ ನಾವೆಲ್ಲ ಸಾಲಾಗಿ ಸೀನುತ್ತಿದ್ದೆವು.

"ನನ್ನ ಕಂಡ್ರ ಎಲ್ಲಾರಿಗೂ ನೆಗಡಿ ಬರ್ತೈತಿ ನೋಡು" ಎಂದು ಅಜ್ಜ ನಗುತ್ತಿದ್ದ.

ಆ ಮನೆಯ ಮಧ್ಯಾಹ್ನಗಳು ಶಾವಿಗೆಗೆ ಮೀಸಲು. ಊಟ ಮುಗಿದು, ಮುಸುರೆ ತೊಳೆದಾದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಶಾವಿಗೆ ಮಣೆ ಇಳಿಯುತ್ತಿತ್ತು. ಆಯಿ ಆ ಉದ್ದನೆಯ ಮಣೆಯ ಮೇಲೆ ಕುದುರೆ ಹತ್ತಿದವಳ ಹಾಗೆ ಕೂತು ಗೋಧಿಯ ಕಣಕ ಹೊಸೆಯುತ್ತಿದ್ದಳು. ಇಳಿದ ಎಳೆಗಳನ್ನು ಪಕ್ಕದ ಮನೆಯ ನೀಲವ್ವ ಜಗ್ಗಿ ಕೊಟ್ಟರೆ, ಎದುರು ಮನೆಯ ಬಸಮ್ಮ ಅವನ್ನು ಕೋಲಿನ ಮೇಲೆ ಹರವುತ್ತಿದ್ದಳು. ಕಾಗೆ ಓಡಿಸುವುದು ನಮ್ಮ ಕೆಲಸ. ಗಜಗದ ಬೀಜಗಳಿಂದ ಆಡುತ್ತ, ನಡುನಡುವೆ ಅರೆ ಒಣಗಿದ ಶಾವಿಗೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ ನಮ್ಮಿಂದ ಆದ ನಷ್ಟ ಕಾಗೆಗಳಿಂದಲೂ ಆಗಿರಲಿಕ್ಕಿಲ್ಲ.

ಇಷ್ಟು ಜನರಲ್ಲಿ ಕಣಕ ಮುಟ್ಟದೆ ಕೂರುವ ಅಧಿಕಾರ ಒಬ್ಬಳಿಗೇ ಇತ್ತು, ನನ್ನ ಚಿಗವ್ವನಿಗೆ. ಅವ್ವನ ಕೊನೆಯ ತಂಗಿ ಅವಳು, ಹೆಸರು ಶಾರದಾ. ಅವಳು ಕಾದಂಬರಿ ಓದಬೇಕು, ಉಳಿದವರು ಕೈ ಆಡಿಸುತ್ತ ಕೇಳಬೇಕು. ಕಣಕದ ಕೈ ತಾಗಿದರೆ ಹಾಳೆಗಳು ಅಂಟಿಕೊಳ್ಳುತ್ತವೆಂದು ಅವಳ ಕೈ ಒಣಗಿರಬೇಕಿತ್ತು. ಆದರೂ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯವನು ಪ್ರತಿ ಸಲ ಪುಟ ಕೊಡವಿ ಗೊಣಗುತ್ತಿದ್ದ. "ನಿಮ್ಮ ಮನ್ಯಾಗ ಪುಸ್ತಕಾ ಓದ್ತೀರೋ, ಬೀಸ್ತೀರೋ? ಬರೇ ಹಿಟ್ಟ ಬೀಳ್ತೈತಲ್ರಿ!"

ಓದುತ್ತಿದ್ದುದೆಲ್ಲ ಒಬ್ಬಳೇ ಲೇಖಕಿಯ ಪ್ರೇಮ ಕಾದಂಬರಿಗಳು. ಹೆಸರು ಹೇಳುವುದಿಲ್ಲ, ನಿಮ್ಮ ಮನೆಯಲ್ಲಿ ಯಾರನ್ನು ಓದುತ್ತಿದ್ದರೋ ಅವರೇ ಎಂದುಕೊಳ್ಳಿ. ನಮ್ಮ ಪಡಸಾಲೆಯಲ್ಲೂ ಅವಳಿಗೆ ಹೆಸರಿರಲಿಲ್ಲ. ದೂರದ ಊರಿಗೆ ಕೊಟ್ಟ ನೆಂಟಳ ಬಗ್ಗೆ ಮಾತಾಡುವಂತೆ "ಆಕಿ" ಎನ್ನುತ್ತಿದ್ದರು. "ಆಕಿ ಏನ್ ಬರದಾಳಲೇ ಯವ್ವಾ!" ಕಾದಂಬರಿಗಳಿಗೂ ರಟ್ಟಿನ ಮೇಲಿನ ಹೆಸರು ನಡೆಯುತ್ತಿರಲಿಲ್ಲ. ಒಂದು "ಕುರುಡ ಗಂಡಂದು". ಇನ್ನೊಂದು "ಡಾಕ್ಟರಂದು". ಮತ್ತೊಂದು "ಹೊಳಿ ದಂಡೀದು". ಬೇಸಿಗೆ ಮುಗಿಯುವಾಗ ಹೊಸ ಶಾವಿಗೆಯ ಪಾಯಸ ಮಾಡಿ, ಆ ವರ್ಷ ಕೇಳಿದ್ದರಲ್ಲಿ ಎಲ್ಲಕ್ಕಿಂತ ಚಲೋ ಯಾವುದೆಂದು ಆರಿಸುವುದು ಅಲ್ಲಿಯ ರೂಢಿ. ಅದರ ಜಗಳ ಮಾತ್ರ ವಾರದ ಮೊದಲೇ ಶುರುವಾಗುತ್ತಿತ್ತು. ಕುರುಡ ಗಂಡನ ಕೈ ಹಿಡಿದು ನಡೆಸಿದವಳನ್ನು ಬಿಟ್ಟರೆ ಹೆಣ್ಣೇ ಇಲ್ಲ ಎಂದು ನೀಲವ್ವನ ಪಟ್ಟು. ಬಸಮ್ಮನಿಗೆ ಡಾಕ್ಟರನೇ ಬೇಕು.

"ನಿನಗ ಡಾಕ್ಟರ ಯಾಕ ಬೇಕು ಗೊತ್ತೈತಿ ನನಗ. ಮಂಡಿ ನೋವಿಗೆ ಪುಕ್ಕಟ ಔಷಧ ಸಿಗತೈತಿ ಅಂತ" ಎಂದು ನೀಲವ್ವ ಛೇಡಿಸಿದರೆ ಆಯಿಯ ಮಣೆಯೇ ನಗುವಿನಿಂದ ಅಲುಗುತ್ತಿತ್ತು.

ನಾನು ಹೇಳಹೊರಟ ಬೇಸಿಗೆಯಲ್ಲಿ ನನ್ನ ಐದನೇ ಇಯತ್ತೆ ಮುಗಿದಿತ್ತು. ಆ ವರ್ಷ ಚಿಗವ್ವನಿಗೆ ವರ ಗೊತ್ತಾಗುತ್ತಿತ್ತು. ಲಕ್ಷ್ಮೇಶ್ವರದಲ್ಲಿ ದೊಡ್ಡ ಅರಿವೆ ಅಂಗಡಿ ಇದ್ದವರು, ಜೀಪಿನ ತುಂಬ ಜನ ಬಂದು ಕನ್ಯೆ ನೋಡಿದ್ದರು. ಶಿರಾ ತಿಂದರು, ಚಹಾ ಕುಡಿದರು. ಹುಡುಗನ ತಾಯಿ, "ರೊಟ್ಟಿ ಬಡಿಯಾಕ ಬರ್ತೈತೇನವಾ?" ಎಂದು ಕೇಳಿದರು. ಅವನ ಅತ್ತೆ ಕೇಳಿದರು, ಸೋದರಮಾವ ಕೇಳಿದರು, ಜೀಪಿನ ಡ್ರೈವರನೂ ಏನೋ ಕೇಳಿದ. ಹುಡುಗ ಮಾತ್ರ ತನ್ನ ಚಪ್ಪಲಿ ಎಲ್ಲಿ ಬಿಟ್ಟೆ ಎಂಬಂತೆ ನೆಲ ನೋಡುತ್ತ ಕೂತಿದ್ದ. ಎಲ್ಲರಿಗೂ ಹಿಡಿಸಿತು. ಬರುವ ಸೋಮವಾರ ಅಜ್ಜ ಹೋಗಿ ಒಪ್ಪಿಗೆಯ ಮಾತು ಕೊಟ್ಟು ಬರುವುದೆಂದಾಯಿತು. ಅಂದು ರಾತ್ರಿ ಚಿಗವ್ವ ನನ್ನ ತಲೆ ಬಾಚುತ್ತ, "ಅವ್ರು ನನ್ನ ಒಂದ ಮಾತ ಕೇಳಲಿಲ್ಲಲೇ, ಉಮಾ" ಎಂದಳು. ಹುಡುಗ ಸುಮ್ಮನಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನನಗನಿಸಿತು. ನಮ್ಮ ಶಾಲೆಯ ಹುಡುಗರು ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿತ್ತು.

ಆ ವಾರ ಓದುತ್ತಿದ್ದುದು ಹೊಳಿ ದಂಡೀದು. ಹೊಳೆಯ ದಂಡೆಯ ಹಳ್ಳಿಯ ಬಡ ಹುಡುಗಿ. ಪೇಟೆಯ ಶ್ರೀಮಂತರ ಮಗ ಅವಳನ್ನು ನೀರು ತರುವಾಗ ಕಂಡು ಮೆಚ್ಚುತ್ತಾನೆ. ಎರಡೂ ಮನೆಯವರು ಕೂತು ಮದುವೆ ಮಾತಾಡುತ್ತಿದ್ದಾರೆ, ಹುಡುಗಿ ಬಾಗಿಲ ಹಿಂದೆ ನಿಂತಿದ್ದಾಳೆ. ಕತೆ ಅಲ್ಲಿಗೆ ಬಂದಿತ್ತು. ನಾನು ಆ ದಿನ ಕಾಗೆಗಳನ್ನು ತಮ್ಮನಿಗೆ ಒಪ್ಪಿಸಿ ಚಿಗವ್ವನ ತೊಡೆಗೆ ಒರಗಿಕೊಂಡು, ಅವಳು ಓದಿದ ಸಾಲನ್ನು ಬೆರಳಿಡದೆ ಕಣ್ಣಿನಿಂದಲೇ ಹಿಂಬಾಲಿಸುವ ಹೊಸ ಆಟ ಆಡುತ್ತಿದ್ದೆ. ಸಾಲು ಮುಗಿಯಿತು. ಪುಟ ಮುಗಿಯಿತು. ಚಿಗವ್ವ ಹಾಳೆ ತಿರುವಿದಳು. ಅಲ್ಲಿ ಏನೂ ಇರಲಿಲ್ಲ! ಹರಿದ ಹಾಳೆಗಳ ಚೂರು ಅಂಚು, ಆಮೇಲೆ ಬೋಳು ರಟ್ಟು.

ಅವಳ ದನಿ ಮಾತ್ರ ನಿಲ್ಲಲಿಲ್ಲ. ಕಣ್ಣು ರಟ್ಟಿನ ಮೇಲೆ ಎಡದಿಂದ ಬಲಕ್ಕೆ ಓಡುತ್ತಿತ್ತು, ಬಾಯಿಂದ ಅಚ್ಚಾದಂಥ ಮಾತು ಬರುತ್ತಿತ್ತು. ಬಾಗಿಲ ಹಿಂದಿನ ಹುಡುಗಿ ಹೊರಗೆ ಬರುತ್ತಾಳೆ. ಹಿರಿಯರೆಲ್ಲ ಬೆಚ್ಚುತ್ತಾರೆ. ಅವಳು ಹುಡುಗನಿಗೆ ಹೇಳುತ್ತಾಳೆ: 'ಈ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳಿದರು. ನೀವೊಬ್ಬರು ಕೇಳಲಿಲ್ಲ. ನೀವು ಕೇಳಿದ ದಿನ ನಾನು ಉತ್ತರ ಹೇಳುತ್ತೇನೆ.' ಕೊಡ ಎತ್ತಿಕೊಂಡು ಹೊಳೆಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು ಎಂದು ಚಿಗವ್ವ ಪುಸ್ತಕ ಮುಚ್ಚಿದಳು.

ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಜೋಗದ ನೀರನ್ನು ನಾನು ನೋಡಿದ್ದೇನೆ, ಸಮುದ್ರ ನೋಡಿದ್ದೇನೆ, ವಿಮಾನದ ಕಿಟಕಿಯಿಂದ ಮೋಡಗಳನ್ನು ಕೆಳಗೆ ನೋಡಿದ್ದೇನೆ. ಆ ಮಧ್ಯಾಹ್ನದಂತೆ ಮೈ ಜುಮ್ಮೆಂದದ್ದು ಇನ್ನೊಮ್ಮೆ ಇಲ್ಲ. ನಿನ್ನೆ ನನ್ನ ಜೊತೆ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದ ಚಿಗವ್ವ, ಇಲ್ಲದ ಹಾಳೆಗಳನ್ನು ಓದಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತೊಡೆಗೊಂದು ಚಿವುಟು ಬಿತ್ತು.

ಪಡಸಾಲೆಯಲ್ಲಿ ಎಲ್ಲರ ಕೈ ನಿಂತಿತ್ತು. ನೀಲವ್ವನ ಬೆರಳಿನಲ್ಲೇ ಎಳೆಗಳು ಒಣಗುತ್ತಿದ್ದವು. ಕೊನೆಗೆ ಬಸಮ್ಮ, "ಇದ ಚಲೋ ಬಿಡವಾ. ನನ್ನ ಡಾಕ್ಟರ ಸೋತ" ಎಂದಳು. ನೀಲವ್ವನೂ ತನ್ನ ಕುರುಡ ಗಂಡನನ್ನು ಬಿಟ್ಟುಕೊಟ್ಟಳು. ಜಗಳವಿಲ್ಲದೆ ಕಾದಂಬರಿ ಆರಿಸಿದ್ದು ಅದೇ ಮೊದಲು.

ಆಯಿ ಮಣೆಯಿಂದ ಇಳಿದಳು. ಅಂಗೈಗೆ ಅಂಟಿದ ಕಣಕ ಉದುರಿಸುತ್ತ ಕೇಳಿದಳು, "ಹಂಗಾರ ಆ ಹುಡುಗೀ ಅವ್ವ ಎಲ್ಲಿದ್ಲಬೇ ಅಷ್ಟೊತ್ತು?"

ಚಿಗವ್ವ ಪುಸ್ತಕದ ರಟ್ಟನ್ನು ಸೆರಗಿನಿಂದ ಒರೆಸಿದಳು. "ಅದನ್ನ ಆಕಿ ಬರದಿಲ್ಲ, ಯವ್ವಾ."

ಆಯಿಗೆ ಓದು ಬರುತ್ತಿರಲಿಲ್ಲ. ಹಾಳೆ ಇಲ್ಲದ್ದು ಅವಳಿಗೆ ಹೇಗೆ ತಿಳಿಯಿತೋ, ತಿಳಿಯಿತೋ ಇಲ್ಲವೋ, ಇಂದಿಗೂ ಹೇಳಲಾರೆ. ಅಂದು ಸಂಜೆ ಅಜ್ಜ ಬಂದು, ನಾವೆಲ್ಲ ಸೀನಿ ಮುಗಿಸಿದ ಮೇಲೆ, ಅವಳು ನೀರಿನ ಚರಿಗೆ ಕೊಡುತ್ತ ಹೇಳಿದಳು: "ಸೋಮವಾರ ಮಾತ ಕೊಡಬ್ಯಾಡ್ರಿ. ಆ ಹುಡುಗ ಇನ್ನೊಮ್ಮೆ ಬರಲಿ, ಒಬ್ಬಾವನ ಬರಲಿ. ನಮ್ಮ ಶಾರಿ ಜೋಡಿ ಮಾತಾಡ್ಲಿ."

"ತಲಿ ಗಿಲಿ ಕೆಟ್ಟೈತೇನು? ಅಂಥಾ ಮನಿತನ ಕೈ ಬಿಟ್ಟು ಹೋಗತೈತಿ. ಮಂದಿ ಏನಂತಾರ?"

"ಮಂದಿ ಬಾಳುವೆ ಮಾಡಾಕ ಹೊಂಟಿಲ್ಲ. ಆಕಿ ಹೊಂಟಾಳ."

ಅಜ್ಜ ಚರಿಗೆ ಹಿಡಿದೇ ನಿಂತ. ಆಯಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನೂ ಕೇಳಿರಲಿಕ್ಕಿಲ್ಲ. ಮರುದಿನ ಲಕ್ಷ್ಮೇಶ್ವರಕ್ಕೆ ಹೇಳಿ ಕಳಿಸಿದ.

ಅಲ್ಲಿಂದ ಖಬರಿಲ್ಲ. ಹುಡುಗನ ತಾಯಿಗೆ ಸಿಟ್ಟು ಬಂದಿದೆಯಂತೆ, ಶಿರಹಟ್ಟಿಯಲ್ಲಿ ಬೇರೆ ಕನ್ಯೆ ನೋಡುತ್ತಿದ್ದಾರಂತೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಆಯಿಗೆ ಊಟ ಸೇರಲಿಲ್ಲ. ಚಿಗವ್ವ ಡಾಕ್ಟರಂದು ಇನ್ನೊಮ್ಮೆ ಓದಿದಳು, ಯಾರಿಗೂ ರುಚಿಸಲಿಲ್ಲ.

ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವಾಗ, ಅವನು ಬಂದ. ಬಸ್ಸಿನಲ್ಲಿ, ಒಬ್ಬನೇ. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮುಂದಿನ ಪಡಸಾಲೆಯಲ್ಲಿ ಅವನನ್ನು ಕೂರಿಸಿ, ಚಿಗವ್ವ ಕಂಬಕ್ಕೆ ಒರಗಿ ನಿಂತಳು. ಆಯಿ ಬೆನ್ನು ತಿರುಗಿಸಿ ಶೇಂಗಾ ಸುಲಿಯುತ್ತ ಕೂತಳು, ನಾನು ನೀರು ಕೊಟ್ಟವಳು ಅಲ್ಲೇ ಉಳಿದೆ.

"ಬಿಸಲ ಭಾಳ ಐತ್ರಿ" ಎಂದ.

"ಹೂನ್ರಿ."

ಆಮೇಲೆ ಶೇಂಗಾ ಒಡೆಯುವ ಸದ್ದಷ್ಟೇ. ಇವನಿಗೆ ಕೇಳಲು ಬರುವುದೇ ಇಲ್ಲ ಎಂದು ನನಗೆ ಅಳು ಬಂತು. ಅಷ್ಟರಲ್ಲಿ ಅವನ ಕಣ್ಣು ಗೋಡೆಯಲ್ಲಿ ಕೊರೆದ ಮಾಡಿನಲ್ಲಿದ್ದ ಬಾಡಿಗೆ ಪುಸ್ತಕಗಳ ಮೇಲೆ ಬಿತ್ತು.

"ಇವೆಲ್ಲಾ ನೀವ ಓದೀರೇನ್ರಿ?"

"ಹೂನ್ರಿ."

"ಇದರಾಗ ಭಾಳ ಚಲೋ ಯಾವುದ್ರಿ?"

ಆಯಿಯ ಕೈ ಒಂದು ಗಳಿಗೆ ನಿಂತಿತು. ಚಿಗವ್ವ ಮಾಡಿನ ಮುಂದೆ ಬಹಳ ಹೊತ್ತು ನಿಂತಳು. ಕುರುಡ ಗಂಡಂದು ಮುಟ್ಟಿದಳು, ಬಿಟ್ಟಳು. ಕೊನೆಗೆ ಎಳೆದು ಕೊಟ್ಟದ್ದು ಹೊಳಿ ದಂಡೀದು. ಹಾಳೆ ಹರಿದದ್ದೆಂದು ಅಂಗಡಿಯವನು ಅದನ್ನು ಅವಳಿಗೇ ಬಿಟ್ಟುಕೊಟ್ಟಿದ್ದ. ನಾನು, "ಚಿಗವ್ವಾ, ಅದರ..." ಎನ್ನುವಷ್ಟರಲ್ಲಿ ಅವಳು ನನ್ನನ್ನು ನೋಡಿದ ನೋಟಕ್ಕೆ ನಾಲಿಗೆ ಒಣಗಿತು.

"ಓದಿ ತಂದ ಕೊಡ್ಲ್ಯಾ?"

"ಕಡೀತನಕಾ ಓದಿದ್ರ ತಂದ ಕೊಡ್ರಿ."

ಅವನು ಹೋದ. ಮತ್ತೆ ಖಬರಿಲ್ಲ. "ಹೋತು. ವರಾನೂ ಹೋದ, ಪುಸ್ತಕಾನೂ ಒಯ್ದ" ಎಂದು ನೀಲವ್ವ ಲೊಚಗುಟ್ಟಿದಳು. ನಾವು ಸೊರಟೂರಿಗೆ ಹೊರಡುವ ದಿನ ಹತ್ತಿರ ಬರುತ್ತಿತ್ತು. ನಾನು ಕಾಗೆ ಓಡಿಸುವುದು ಬಿಟ್ಟು ಬಾಗಿಲು ಕಾಯುತ್ತಿದ್ದೆ.

ಪಾಯಸದ ದಿನ ಬಂದೇಬಿಟ್ಟಿತು. ಬೆಲ್ಲ, ಏಲಕ್ಕಿಯ ವಾಸನೆ ಓಣಿಗೆಲ್ಲ ಹರಡಿತ್ತು. ಆಯಿ ಉಳಿದ ಕೊನೆಯ ಕಣಕ ಹೊಸೆಯುತ್ತಿದ್ದಳು, ಹೆಂಗಸರೆಲ್ಲ ಸುತ್ತ ಕೂತಿದ್ದರು. ನಾನು ಬಾಗಿಲಿಂದ ಕರೆತಂದ ಅವನು ಪಡಸಾಲೆಯ ಹೊಸ್ತಿಲಲ್ಲೇ ನಿಂತ. ನಮಸ್ಕಾರ ಮಾಡುವುದನ್ನೂ ಮರೆತಿದ್ದ.

"ಇದರ ಕಡೀ ಹಾಳಿ ಇಲ್ಲಲ್ರಿ! ಹುಬ್ಬಳ್ಳಿತನಕಾ ಹುಡುಕ್ಸಿದೆ, ಇನ್ನೊಂದ ಪ್ರತಿ ಸಿಗಲಿಲ್ಲ. ಮುಂದ ಆ ಹುಡುಗಿ ಏನಂದ್ಲ್ರಿ? ನೀವರ ಹೇಳ್ರಿ."

"ಹಾಳಿ ಇಲ್ಲಾ?" ನೀಲವ್ವ ಬಾಯಿ ತೆರೆದಳು. "ಮತ್ತ ನಾವು ಕೇಳಿದ್ದು?" ಬಸಮ್ಮ ಚಿಗವ್ವನನ್ನು ಮೊದಲ ಸಲ ಕಾಣುವವಳಂತೆ ನೋಡಿದಳು. ಆಯಿ ಮಾತ್ರ ತಲೆಯೆತ್ತದೆ ಹೊಸೆಯುತ್ತಲೇ ಇದ್ದಳು.

ಚಿಗವ್ವನ ಕಿವಿಗಳು ಕೆಂಪಾಗಿದ್ದವು. "ಬರ್ರಿ, ಹೇಳತೀನಿ" ಎಂದಳು. ಹಿತ್ತಲ ಬೇವಿನ ಗಿಡದ ಕೆಳಗೆ ಇಬ್ಬರೂ ನಿಂತರು. ಅವಳು ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ನೆಲ ನೋಡುತ್ತಿರಲಿಲ್ಲ. ಎಷ್ಟು ಕಿವಿ ಚಾಚಿದರೂ ನಮಗೆ ಒಂದು ಮಾತೂ ಕೇಳಿಸಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಚಿಗವ್ವ ಲಕ್ಷ್ಮೇಶ್ವರದಲ್ಲಿದ್ದಳು. ಆ ಹುಡುಗನೇ ನಮಗೆ ಕಾಕಾ ಆದರು, ಅರಿವೆ ಥಾನುಗಳ ನಡುವೆ ಕೂತು ಆ ಲೇಖಕಿಯ ಎಲ್ಲವನ್ನೂ ಓದಿದರು. ಚಿಗವ್ವನನ್ನು ರೇಗಿಸಬೇಕೆಂದೇ ಡಾಕ್ಟರಂದೇ ಚಲೋ ಎಂದು ಜೀವಮಾನವಿಡೀ ವಾದಿಸಿದರು. ಬೆಟಗೇರಿಯ ಪಡಸಾಲೆಯಲ್ಲಿ ಓದುವವರಿಲ್ಲದೆ ಹೆಂಗಸರು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಈಗ ಆಯಿ ಇಲ್ಲ, ನೀಲವ್ವ ಇಲ್ಲ, ಶಾವಿಗೆ ಪಾಕೀಟಿನಲ್ಲಿ ಬರುತ್ತದೆ. ಹೋದ ವರ್ಷ ಕಾಕಾನೂ ಹೋದರು.

ಆ ಕಾದಂಬರಿ ಮಾತ್ರ ಈಚೆಗೆ ಮತ್ತೆ ಅಚ್ಚಾಗಿದೆ, ಪೂರ್ತಿ ಹಾಳೆಗಳೊಂದಿಗೆ. ಹೋದ ತಿಂಗಳು ಒಂದು ಪ್ರತಿ ಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಚಿಗವ್ವನಿಗೆ ಕಣ್ಣು ಮಂಜಾಗಿದೆ, ಈಗ ನಾನು ಓದಬೇಕು, ಅವಳು ಕೇಳಬೇಕು. ಕೊನೆಯಲ್ಲಿ ಹುಡುಗಿ ಬಾಗಿಲ ಹಿಂದಿನಿಂದ ಹೊರಗೆ ಬರುವುದೇ ಇಲ್ಲ. ವಾಲಗ ಊದುತ್ತಾರೆ, ಅಕ್ಷತೆ ಬೀಳುತ್ತದೆ, ಮುಗಿಯಿತು.

"ಇಷ್ಟ ಏನು?" ಎಂದು ಚಿಗವ್ವ ಬಾಯ್ತುಂಬ ನಕ್ಕಳು.

"ನಿಂದ ಚಲೋ ಇತ್ತು ಚಿಗವ್ವಾ. ಕಾಕಾಗೂ ಅವತ್ತ ಅದನ್ನ ಕೇಳೇ ನಿನ್ ಮ್ಯಾಲೆ ಮನಸಾಗಿರಬೇಕು."

"ಅವ್ರಿಗೆ ಅದನ್ನ ಹೇಳಲಿಲ್ಲಬೇ. ಅದರಾಗ ಅಂವ ಕೇಳೂದ ಇಲ್ಲ. ಇವ್ರು ಕೇಳಿದ್ರಲ್ಲ, ಇವ್ರಿಗೆ ಬ್ಯಾರೇನ ಹೇಳಿದೆ."

ನನಗೆ ಮತ್ತೆ ಆ ಮಧ್ಯಾಹ್ನದಂತೆಯೇ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ಆ ಕತೆ ಗೊತ್ತೆಂದುಕೊಂಡಿದ್ದೆ. "ಏನ್ ಹೇಳಿದ್ದಿ? ಹೇಳ ಚಿಗವ್ವಾ" ಎಂದು ಐದನೇ ಇಯತ್ತೆಯ ಹುಡುಗಿಯ ಹಾಗೆ ಅವಳ ಕೈ ಜಗ್ಗಿದೆ.

ಅವಳು ಸೆರಗಿನ ತುದಿಯನ್ನು ಮಡಿಲಲ್ಲಿ ನಿಧಾನ ಸರಿಮಾಡಿದಳು. "ಅದು ಅವ್ರದು, ಉಮಾ" ಎಂದಳು.

ನಾನು ಮತ್ತೆ ಕೇಳಲಿಲ್ಲ. ಆ ಕೊನೆಯನ್ನು ಕೇಳಿದ್ದವರು ಒಬ್ಬರೇ, ಅವರಿಲ್ಲ.