ಏಪ್ರನ್ನಿನ ಮೇಲೆ ಏಳು ಕ್ಲಿಪ್ಪು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ನೆಲಮಾಳಿಗೆಯಲ್ಲಿ ಮಾತ್ರ ಟ್ಯೂಬ್‌ಲೈಟುಗಳು ಉರಿಯುತ್ತಿವೆ, ಬಟ್ಟೆ ಒಗೆಯುವ ದೊಡ್ಡ ಮಷೀನುಗಳು ಗುಡುಗುಡು ಎನ್ನುತ್ತಿವೆ. ಬಿಸಿನೀರು, ಸೋಪು, ಒದ್ದೆ ಹತ್ತಿಬಟ್ಟೆ ಎಲ್ಲ ಸೇರಿದ ವಾಸನೆ ಮೂಗಿಗೆ ಅಡರುತ್ತದೆ. ಬಾಗಿಲ ಬಳಿ ಒಬ್ಬ ಹೆಂಗಸು ನೀಲಿ ಏಪ್ರನ್ನಿನ ದಾರ ಬಿಗಿದುಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತೆಗೆದು, ಹಸಿರು ಬಟ್ಟೆಯ ಚೂರೊಂದನ್ನು ಅದರ ಬಾಯಿಗೆ ಕೊಟ್ಟು, ಎಡಭುಜದ ಪಟ್ಟಿಗೆ ಸಿಕ್ಕಿಸಿ, ಇಡೀ ಕೋಣೆಗೆ ಕೇಳುವಂತೆ ಕೂಗುತ್ತಾರೆ: “ಎರಡನೇ ಥಿಯೇಟರಿಗೆ ಗೌನು, ಎಂಟು ಗಂಟೆ ಒಳಗೆ!”

ಯಾರೂ ತಲೆ ಎತ್ತಿ ನೋಡುವುದಿಲ್ಲ. ಇಸ್ತ್ರಿ ಮೇಜಿನಿಂದ ಒಂದು “ಹೂಂ”, ಮಷೀನಿನ ಹಿಂದಿನಿಂದ ಇನ್ನೊಂದು “ಹೂಂ” ಬರುತ್ತದೆ. ಅಷ್ಟು ಸಾಕು. ಆಕೆ ಮುಂದಿನ ಕ್ಲಿಪ್ಪಿಗೆ ಕೈ ಹಾಕುತ್ತಾರೆ.

ಇಲ್ಲಿ ಎಲ್ಲರೂ ಅವರನ್ನು ಕ್ಲಿಪ್ಪಕ್ಕ ಎನ್ನುತ್ತಾರೆ. ಆಸ್ಪತ್ರೆಯ ಬಟ್ಟೆಬರೆಯೆಲ್ಲ ಅವರ ಸುಪರ್ದಿಯಲ್ಲಿದೆ. ಹಾಸಿಗೆಯ ಮೇಲಿನ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ಅಂಗಿ, ಆಪರೇಷನ್ ಮಾಡುವವರ ಹಸಿರು ಗೌನು, ದಿನಕ್ಕೆ ಸಾವಿರಕ್ಕೂ ಮೇಲೆ ಬಟ್ಟೆ ಅವರ ಕಣ್ಣ ಮುಂದೆ ಹಾದುಹೋಗುತ್ತದೆ. ಇಷ್ಟನ್ನು ನಡೆಸುವ ಹೆಂಗಸಿಗೆ ಅರ್ಧ ಗಂಟೆಯ ಹಿಂದೆ ಹೇಳಿದ ಮಾತು ನೆನಪಿರುವುದಿಲ್ಲ.

ನಾನು ಪರಿಚಯ ಹೇಳಿಕೊಂಡು ಕಾರ್ಡು ಕೊಟ್ಟೆ. ತಕ್ಷಣ ಅದನ್ನೂ ಕ್ಲಿಪ್ಪಿಗೆ ಸಿಕ್ಕಿಸಿ ಸೊಂಟದ ಹತ್ತಿರ ನೇತುಹಾಕಿಕೊಂಡು, “ಪೇಪರಿನವರ ಜೊತೆ ಮಾತು!” ಎಂದು ಕೂಗಿದರು. ಇಷ್ಟು ವರ್ಷ ಎಷ್ಟೋ ಜನರಿಗೆ ಕಾರ್ಡು ಕೊಟ್ಟಿದ್ದೇನೆ, ಅದಕ್ಕೆ ಇಂಥ ಮರ್ಯಾದೆ ಎಲ್ಲೂ ಸಿಕ್ಕಿರಲಿಲ್ಲ. ಬೆಳಗಿನ ಟ್ರಾಲಿಗಳು ಹೊರಟ ಮೇಲೆ ಅವರ ಕೈ ಸೊಂಟಕ್ಕೆ ಹೋಯಿತು. ಕಾರ್ಡು ನೋಡಿ, “ಓ, ನೀವಾ! ಬನ್ನಿ ಸರ್, ಕೂತ್ಕೊಳ್ಳಿ” ಎಂದರು.

ಮೂರು ವರ್ಷದ ಹಿಂದೆ ಅವರಿಗೆ ಮಿದುಳಿಗೆ ಜ್ವರ ಏರಿತ್ತು. ತಾವೇ ಒಗೆಸಿ ಕಳಿಸುತ್ತಿದ್ದ ಬೆಡ್‌ಶೀಟಿನ ಮೇಲೆ ವಾರಗಟ್ಟಲೆ ಮಲಗಿದ್ದರು. ಜೀವ ಉಳಿಯಿತು. ಹಳೆಯದೆಲ್ಲ ನೆನಪಿದೆ. ಮದುವೆ, ಮಗಳು ಹುಟ್ಟಿದ್ದು, ಯಾವ ಕಲೆಗೆ ಯಾವ ಸೋಪು, ಒಂದೂ ಅಳಿಸಿಲ್ಲ. ಹೊಸದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ನೂರು ಸಲ ಮಾಡಿದ್ದು ಹೇಗೋ ರೂಢಿಯಾಗಿ ಕೂರುತ್ತದೆ, ಒಂದು ಸಲ ಕೇಳಿದ್ದು ಹೋಗಿಬಿಡುತ್ತದೆ.

“ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದ್ರೆ ಹಾಲು ಮರ್ತೋಗ್ತಿತ್ತು. ಬಾಗಿಲಿಗೆ ಯಾಕೆ ಬಂದೆ ಅನ್ನೋದೂ ಮರ್ತೋಗ್ತಿತ್ತು. ಪಾತ್ರೆ ಎಷ್ಟು ಸೀದಿದ್ವೋ, ನಮ್ಮತ್ತೇನೇ ಕೇಳ್ಬೇಕು” ಎಂದು ನಗುತ್ತಾರೆ.

ಪುಣ್ಯಕ್ಕೆ ದಾರಿ ತೋರಿಸಿದ್ದೂ ಆ ಅತ್ತೆಯೇ. ಒಂದು ದಿನ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆ ಕೆಳಗಿಳಿದು ಬಂದು, ಕೈಯಲ್ಲಿದ್ದ ಕ್ಲಿಪ್ಪನ್ನು ಸೊಸೆಯ ತೋಳಿಗೆ ಹಾಕಿದರಂತೆ. “ಒಲೆ ಆರಿಸೋ ತನಕ ಇದನ್ನ ತೆಗೀಬೇಡ ಕಣೇ” ಎಂದರಂತೆ. ಸೊಸೆ ಬಾಗಿಲಿಗೆ ಹೋಗಿ, ಅಕ್ಕಪಕ್ಕದವರ ಜೊತೆ ಮಾತಾಡಿ, ಏನೋ ಚುಚ್ಚುತ್ತಿದೆಯಲ್ಲ ಎಂದು ತೋಳು ನೋಡಿಕೊಂಡು, ಒಲೆಯ ಕಡೆಗೆ ಓಡಿದರು. ಅವತ್ತು ಹಾಲು ಉಕ್ಕಲಿಲ್ಲ.

ಅಲ್ಲಿಂದ ಶುರುವಾದ ಪದ್ಧತಿ ಬೆಳೆದು ಈಗ ದೊಡ್ಡದಾಗಿದೆ. ಕ್ಲಿಪ್ಪಿನ ಬಾಯಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಒಂದು ಚೂರು ಇರಬೇಕು. ಹಸಿರು ಬಟ್ಟೆ ಎಂದರೆ ಆಪರೇಷನ್ ಥಿಯೇಟರ್, ಗುಂಡಿ ಪೋಣಿಸಿದ ದಾರ ಎಂದರೆ ಮಗಳ ಶಾಲೆ, ಮಾತ್ರೆಯ ಖಾಲಿ ಪಟ್ಟಿ ಎಂದರೆ ಅತ್ತೆಯ ಔಷಧಿ. ಭುಜದ ಮೇಲಿದ್ದರೆ ಅವಸರ, ಸೊಂಟದಲ್ಲಿದ್ದರೆ ಇವತ್ತಿನೊಳಗೆ, ಜೇಬಿನ ಅಂಚಿನಲ್ಲಿದ್ದರೆ ಮನೆಯದು. ಬಾಯಿಬಿಟ್ಟು ಹೇಳದೆ ಕ್ಲಿಪ್ಪು ಹಾಕುವಂತಿಲ್ಲ, ಕೆಲಸ ಮುಗಿಯದೆ ತೆಗೆಯುವಂತಿಲ್ಲ. ಇನ್ನೊಬ್ಬರು ಮುಟ್ಟುವ ಮಾತೇ ಇಲ್ಲ.

ಏಳಕ್ಕಿಂತ ಹೆಚ್ಚು ಕ್ಲಿಪ್ಪನ್ನೂ ಅವರು ಹಾಕಿಕೊಳ್ಳುವುದಿಲ್ಲ. “ಮೊದ್ಲು ಯಾರೇನ್ ಹೇಳಿದ್ರೂ ಹಾಕ್ಕೋತಿದ್ದೆ. ಮುಳ್ಳುಹಂದಿ ಥರ ಓಡಾಡ್ತಿದ್ದೆ ಸರ್. ಯಾವ್ದು ಮೊದ್ಲು ಅಂತ ನೋಡೋದ್ರಲ್ಲೇ ಹೊತ್ತು ಹೋಗ್ತಿತ್ತು. ಈಗ ಎಂಟನೇದು ಬಂದ್ರೆ ಏಪ್ರನ್ ತುಂಬಿದೆ, ಆಮೇಲೆ ಬನ್ನಿ ಅಂತೀನಿ.” ಈ ಮಾತು ಈಗ ಆಸ್ಪತ್ರೆಯ ತುಂಬ ಹಬ್ಬಿದೆ. ಮೇಲಿನ ವಾರ್ಡಿನಲ್ಲಿ ಏಪ್ರನ್ನೇ ಹಾಕದ ಸಿಸ್ಟರೊಬ್ಬರು ಡಾಕ್ಟರಿಗೆ “ಸರ್, ನನ್ನ ಏಪ್ರನ್ ತುಂಬಿದೆ” ಎಂದದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಇದನ್ನೆಲ್ಲ ಹೇಳುವಾಗ ಅವರ ಮುಖದಲ್ಲಿ ಗೆಲುವಿದೆ. ಆದರೆ ವಾಪಸ್ಸು ಕೆಲಸಕ್ಕೆ ಬಂದಾಗ ಜೀವ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು. ಲಾಂಡ್ರಿ ಮ್ಯಾನೇಜರು ಕೆಟ್ಟವರಲ್ಲ, ಆದರೆ ಅವರಿಗೂ ಭಯ. ಮೇಜಿನ ಮೇಲೆ ರೋಗಿ ಮಲಗಿರುವಾಗ ಗೌನು ಬರಲಿಲ್ಲ ಎಂದರೆ ಯಾರು ಉತ್ತರ ಕೊಡಬೇಕು? ಹಾಗಾಗಿ ಮೊದಲೇ ಹೇಳಿಬಿಟ್ಟಿದ್ದರು, ಥಿಯೇಟರಿಗೆ ಒಂದೇ ಒಂದು ಸಲ ಬಟ್ಟೆ ತಪ್ಪಿದರೂ ಕೆಲಸ ಬಿಡಬೇಕಾಗುತ್ತದೆ ಎಂದು. ಬಸ್ಸು ಓಡಿಸುವ ಗಂಡ, “ಹೋಗ್ಲಿ ಬಿಡು, ಮನೇಲಿರು, ನಾನಿದ್ದೀನಲ್ಲ” ಎಂದರಂತೆ.

“ಒಳ್ಳೇ ಮನಸ್ಸಿಂದಾನೇ ಅಂದ್ರು. ಆದ್ರೆ ಮನೇಲಿದ್ರೆ ನಾನು ರೋಗಿ ಸರ್. ಎಲ್ರೂ ಮೆಲ್ಲಗೆ ಮಾತಾಡ್ತಾರೆ, ಕೈಯಿಂದ ಚಾಕು ಇಸ್ಕೋತಾರೆ. ಇಲ್ಲಿಗೆ ಬಂದ್ರೆ ಗೌನು ಎಲ್ಲಿ ಅಂತ ಬೈತಾರೆ. ಬೈಸ್ಕೊಳ್ಳೋದು ಎಷ್ಟು ಹಿತ ಅಂತ ನಿಮಗ್ ಗೊತ್ತಿಲ್ಲ.”

ಆ ಕೆಲಸ ಹೋಗಿಯೇಬಿಡುತ್ತಿದ್ದ ದಿನವೊಂದು ಕಳೆದ ವರ್ಷ ಬಂತು. ಅದರ ಕಥೆಯನ್ನು ನನಗೆ ಹೇಳಿದವರು ಇಸ್ತ್ರಿ ಮೇಜಿನ ಹೆಂಗಸು, ಎಲ್ಲರ ಬಾಯಲ್ಲಿ ಇಸ್ತ್ರಿಯಮ್ಮ. ಕ್ಲಿಪ್ಪಕ್ಕನಿಗೆ ಆ ದಿನ ಚೂರೂ ನೆನಪಿಲ್ಲ. ತಮ್ಮದೇ ಕಥೆಯನ್ನು ಪಕ್ಕದಲ್ಲಿ ಕೂತು, ಬೇರೆ ಯಾರದೋ ಎಂಬಂತೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು.

ಅವತ್ತು ಬೆಳಿಗ್ಗೆ ಏಪ್ರನ್ನಿನ ಮೇಲೆ ಏಳಕ್ಕೆ ಏಳೂ ತುಂಬಿತ್ತು. ಮೈಮೇಲೆ ಸೋಪಿನ ನೀರು ಚೆಲ್ಲಿತೆಂದು ಕ್ಲಿಪ್ಪಕ್ಕ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಕೈ ತೊಳೆಯಲು ಹೋದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಷೀನಿನವರು, ನರೆತ ಮೀಸೆಯ ಹಿರಿಯರು, ಈಗ ಎಲ್ಲರಿಗೂ ಮೀಸೆ ಮಾವ, ಅದನ್ನು ನೋಡಿದರು. ಕೊಳೆಯಾದದ್ದು ಏನು ನೇತಾಡುತ್ತಿದ್ದರೂ ತಕ್ಷಣ ಒಗೆತಕ್ಕೆ ಹಾಕಬೇಕೆಂದು ಅವರಿಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದರು. ಈ ಮಷೀನಿನ ಬಾಗಿಲು ಒಂದು ಸಲ ಮುಚ್ಚಿತೆಂದರೆ ಒಗೆತ ಮುಗಿಯುವವರೆಗೆ ತೆರೆಯುವುದಿಲ್ಲ.

“ಬಂದು ನೋಡ್ತಾಳೆ, ಗಾಜಿನೊಳಗೆ ಬಣ್ಣ ಬಣ್ಣದ ಕ್ಲಿಪ್ಪು ಗಿರಗಿರ ಅಂತಿವೆ” ಎನ್ನುತ್ತಾರೆ ಇಸ್ತ್ರಿಯಮ್ಮ. “ಅಲ್ಲೇ ನೆಲದ ಮೇಲೆ ಕೂತ್ಬಿಟ್ಲು. ಅಳಲೂ ಇಲ್ಲ. ಅದ್ರಲ್ಲಿ ಏನೇನಿತ್ತು ಅಂತ ಗೊತ್ತಿದ್ರೆ ತಾನೆ ಅಳೋದು? ಈ ಮಾವ ಬೇರೆ ಮೀಸೆ ಇಳಿಬಿಟ್ಕೊಂಡು ನಿಂತವ್ರೆ.”

ಆಮೇಲೆ ಇಸ್ತ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, “ಮೂರನೇ ಥಿಯೇಟರಿಗೆ ಗೌನು, ಎಂಟು ಗಂಟೆ ಒಳಗೆ!” ಎಂದು ಕೂಗಿದರು. ಬೆಳಿಗ್ಗೆ ಕ್ಲಿಪ್ಪಕ್ಕ ಕೂಗಿದ್ದು ಅವರ ಕಿವಿಯಲ್ಲಿ ಹಾಗೇ ಇತ್ತು. ಟ್ರಾಲಿ ತಳ್ಳುವವರು ಮಕ್ಕಳ ವಾರ್ಡಿನ ದಿಂಬಿನ ಕವರು ಎಂದರು. ಹರಿದ ಬೆಡ್‌ಶೀಟು ಟೈಲರಿಗೆ ಹೋಗಬೇಕು ಎಂದು ಮಡಿಚುವ ಮೇಜಿನಿಂದ ಯಾರೋ ಹೇಳಿದರು. ಮೀಸೆ ಮಾವ ತಡವರಿಸುತ್ತಾ, “ಸೋಪಿನ ಡಬ್ಬ ತರಿಸ್ಬೇಕು ಅಂತ ಏನೋ ಕೇಳಿಸ್ತಪ್ಪ” ಎಂದರು. ಹೀಗೆ ಒಂದೊಂದಾಗಿ ಆರು ಕೆಲಸ ಸಿಕ್ಕವು. ಅಷ್ಟು ದಿನ “ಹೂಂ” ಎಂದದ್ದು ಬರೀ ಬಾಯಿಮಾತಾಗಿರಲಿಲ್ಲ.

ಗೌನುಗಳು ಹೊತ್ತಿಗೆ ಸರಿಯಾಗಿ ಮೇಲೆ ಹೋದವು. ಏಳನೆಯ ಕ್ಲಿಪ್ಪು ಯಾವುದಕ್ಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮನೆಯಲ್ಲೇ ಹೇಳಿ ಹಾಕಿಕೊಂಡು ಬಂದು, ಇಲ್ಲಿ ಏಪ್ರನ್ನಿಗೆ ಬದಲಿಸಿಕೊಂಡಿದ್ದರು. ಇಸ್ತ್ರಿಯಮ್ಮ ಕ್ಲಿಪ್ಪಕ್ಕನ ಮನೆಗೆ ಫೋನು ಮಾಡಿದರು. ಅತ್ತೆ ಫೋನೆತ್ತಿ, “ಅಯ್ಯೋ, ಅದು ನಾನೇ ಹಾಕ್ಕೋ ಅಂತ ಹೇಳಿ ಕಳ್ಸಿದ್ದು. ಬ್ಯಾಗಲ್ಲಿ ಡಬ್ಬಿ ಇದೆ, ತಿಂಡಿ ತಿನ್ನು ಅಂತ. ತಿಂದ್ಲಾ?” ಎಂದು ಕೇಳಿದರು. ತಿಂದಿರಲಿಲ್ಲ. ಎಲ್ಲರೂ ಸುತ್ತ ಕೂತು ತಿನ್ನಿಸಿದರು.

ಮ್ಯಾನೇಜರಿಗೆ ವಿಷಯ ತಿಳಿದದ್ದು ಸಂಜೆ, ಮೀಸೆ ಮಾವ ತಾವಾಗಿಯೇ ಹೋಗಿ ಹೇಳಿದಾಗ. ಮ್ಯಾನೇಜರನ್ನೇ ಈ ಬಗ್ಗೆ ಕೇಳಿದೆ. “ಗೌನು ಬಂತು, ನಂಗೆ ಬೇಕಾಗಿದ್ದು ಅಷ್ಟೇ ಸರ್. ಹೇಗೆ ಬಂತು ಅಂತ ಗೊತ್ತಾದ ಮೇಲೆ ಅವ್ರನ್ನ ಕಳ್ಸೋ ಮಾತಾಡೋಕೆ ನಾಲಿಗೆ ಏಳ್ಲಿಲ್ಲ” ಎಂದರು. ಆ ಷರತ್ತನ್ನು ಅವರು ಮತ್ತೆ ಎತ್ತಿಲ್ಲ. ಮೊಳೆಯ ಪಕ್ಕ ಇನ್ನೊಂದು ಏಪ್ರನ್ ನೇತುಹಾಕಿಸಿದ್ದಾರೆ.

ಆ ದಿನ ಮಷೀನಿನಿಂದ ಹೊರಬಂದ ಕ್ಲಿಪ್ಪುಗಳಲ್ಲಿ ಒಂದು ಬಿಳಿಯದು ಬಿಸಿಗೆ ಸೊಟ್ಟಗಾಗಿತ್ತು. ಅದನ್ನು ಕ್ಲಿಪ್ಪಕ್ಕ ಬಿಸಾಡಲಿಲ್ಲ. ಅದು ಅವರ ಕಾಲರಿನಲ್ಲಿದೆ, ಏಳರ ಲೆಕ್ಕಕ್ಕೆ ಸೇರುವುದಿಲ್ಲ, ಅದರ ಬಾಯಲ್ಲಿ ಯಾವ ಚೂರೂ ಇಲ್ಲ. ಸಂಜೆ ಹೊರಡುವ ಮುಂಚೆ ಅವರ ಕೈ ಅದರ ಮೇಲೆ ಹೋಗುತ್ತದೆ. ಆ ದಿನ ನೆನಪಿಲ್ಲದಿದ್ದರೂ, ಅದನ್ನು ಮುಟ್ಟಿದರೆ ಇವರಿಗೆಲ್ಲ ಉಪಕಾರ ಹೇಳಬೇಕು ಎಂಬುದು ನೂರಾರು ಸಲ ಮಾಡಿ ರೂಢಿಯಾಗಿ ಕೂತಿದೆ. ನಾನಿದ್ದ ದಿನವೂ ಹೋಯಿತು. ಇಸ್ತ್ರಿಯಮ್ಮನ ಹತ್ತಿರ ಹೋಗಿ ಕೈ ಹಿಡಿದುಕೊಂಡು, “ಅವತ್ತು ನೀವೆಲ್ಲ ಇಲ್ದಿದ್ರೆ ನಾನು ಮನೇಲಿರ್ತಿದ್ದೆ ಕಣಮ್ಮ. ನಿಮ್ಮ ಉಪಕಾರ ದೊಡ್ಡದು” ಎಂದರು. ಟ್ರಾಲಿಯವರಿಗೂ ಹೇಳಿದರು, ಮೀಸೆ ಮಾವನಿಗೂ ಹೇಳಿದರು. ಮಾವನ ಕಣ್ಣು ಒದ್ದೆಯಾಯಿತು.

“ಒಂದು ವರ್ಷದಿಂದ ದಿನಾ ಹೇಳ್ತಾಳೆ” ಎಂದು ಇಸ್ತ್ರಿಯಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. “ಬೇಡ ಅಂತ ಹೇಗನ್ನೋದು? ಅವಳಿಗೆ ಇವತ್ತೇ ಮೊದಲು.”

ಪಿಸುಮಾತು ಕ್ಲಿಪ್ಪಕ್ಕನಿಗೆ ಕೇಳಿಸಿತ್ತು. ನನ್ನ ಕಾರ್ಡನ್ನು ಸೊಂಟದಿಂದ ಬಿಚ್ಚಿ ಕೈಗಿಡುತ್ತಾ ನಕ್ಕರು. ಕಾಲರಿನ ಕ್ಲಿಪ್ಪನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ.

“ಕೆಲಸ ಮುಗಿದ್ರೆ ತಾನೆ ತೆಗ್ಯೋದು?” ಎಂದರು. “ದಿನಾ ಹೇಳ್ತೀನಂತೆ, ಇವ್ರು ನಗ್ತಾರೆ. ನಗ್ಲಿ ಬಿಡಿ ಸರ್. ನಾನು ಹೇಗಿದ್ರೂ ಮರೆಯೋಳೇ. ಹೇಳ್ದೆ ಮರೆಯೋದಕ್ಕಿಂತ ಹೇಳಿ ಮರೆಯೋದು ವಾಸಿ ಅಲ್ವಾ?”