ಸಾರಿನ ಪುಡಿಯ ಚೀಟಿ

ಹೋಟೆಲಿನವರು ಸಾರಿನ ಪುಡಿಯ ಅಳತೆಯನ್ನು ಯಾರಿಗೂ ಪೂರ್ತಿ ಹೇಳುವುದಿಲ್ಲ. ಕೇಳಿದವರಿಗೆ ಇಲ್ಲವೆನ್ನುವುದೂ ಇಲ್ಲ; ಒಂದು ಸಾಮಾನು ಬಿಟ್ಟು, ನಗುನಗುತ್ತಾ ಬರೆದುಕೊಡುವುದು ನಮ್ಮಲ್ಲಿ ರೂಢಿ. ಇಷ್ಟು ವರ್ಷಗಳಲ್ಲಿ ನಾನು ಏನನ್ನೂ ಬಿಡದೆ ಬರೆದುಕೊಟ್ಟದ್ದು ಒಬ್ಬನಿಗೆ ಮಾತ್ರ. ಅವನ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ.

ಸೂರತ್‌ನ ಮಗಳ ಮನೆಯಿಂದ ನಾನೂ ನಮ್ಮವರೂ ಟ್ಯಾಕ್ಸಿಯಲ್ಲಿ ವಡೋದರಕ್ಕೆ ಮರಳುತ್ತಿದ್ದೆವು. ಹೈವೇಯಲ್ಲಿ ಹಿಂದಿನಿಂದ ಒಂದು ಟ್ರಕ್ ಬಂದು ಗುದ್ದಿತು. ನಮ್ಮವರ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ನನ್ನ ಬಲಗೈಯ ಮಣಿಕಟ್ಟು ಪುಡಿಪುಡಿಯಾಯಿತು. ಪ್ಲೇಟ್ ಹಾಕಿದರು, ಫಿಸಿಯೋಥೆರಪಿಯೂ ಆಯಿತು. ಬೆರಳುಗಳು ಮಾತ್ರ ಮಡಚಲೊಲ್ಲವು. ಟ್ರಕ್ಕಿನ ಇನ್ಶೂರೆನ್ಸ್ ಕಂಪನಿಯ ಮೇಲೆ ಕ್ಲೇಮ್ ಹಾಕಿದೆವು.

ವಡೋದರದ ಫತೇಗಂಜ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಕೈ ಹೋದ ಮೇಲೆ ನಾನು ಸುಮ್ಮನೆ ಕೌಂಟರಿನ ಪಕ್ಕ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನವನೊಬ್ಬ ಊಟಕ್ಕೆ ಬಂದು, ಸಾರನ್ನು ಎರಡು ಸಲ ಹಾಕಿಸಿಕೊಂಡು, ನನ್ನೆದುರು ಬಂದು ನಿಂತ.

“ಬಾ, ಕೈಗೆ ಏನಾಯಿತು?” ಎಂದು ಗುಜರಾತಿಯಲ್ಲಿ ಕೇಳಿದ. ವಯಸ್ಸಾದವರನ್ನು ಇಲ್ಲಿ ಹಾಗೆಯೇ, ತಾಯಿಯೆಂಬಂತೆ, ‘ಬಾ’ ಎಂದು ಕರೆಯುತ್ತಾರೆ. ಹೇಳಿದೆ. ತನ್ನ ತಾಯಿಗೂ ಹೀಗೇ ಆಗಿತ್ತೆಂದು ಕಣ್ಣು ಒದ್ದೆ ಮಾಡಿಕೊಂಡ.

“ಈಗ ಹೇಗಿದ್ದೀರಿ?”

“ಐ ಆಮ್ ಫೈನ್, ಥ್ಯಾಂಕ್ ಯೂ,” ಎಂದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಬೇರೇನು ಹೇಳಿಯಾಳು? ಮೈ ಸುಡುವ ಜ್ವರವಿದ್ದರೂ ನಾವು ಫೈನ್.

ಹೆಂಡತಿಗೆ ಸಾರಿನ ಪುಡಿಯ ರೆಸಿಪಿ ಬೇಕೆಂದ. ತಾಯಿಯ ನೆನಪಿಗೆ ಅತ್ತವನಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಮೆಂತೆಯಿಂದ ಇಂಗಿನವರೆಗೆ ಒಂದೂ ಬಿಡದೆ, ಅವನ ಕಣ್ಣೆದುರಿಗೇ ಬರೆದುಕೊಟ್ಟೆ.

ಅವನು ಇನ್ಶೂರೆನ್ಸ್ ಕಂಪನಿಗಳು ಕಳಿಸುವ ಇನ್ವೆಸ್ಟಿಗೇಟರ್. ಗೊತ್ತಾದದ್ದು ನಮ್ಮ ಲಾಯರ್ ಅವನ ರಿಪೋರ್ಟ್ ತಂದು ತೋರಿಸಿದಾಗ. ಕೈ ನೆಟ್ಟಗಿದೆ, ಮುದುಕಿ ನಾಟಕವಾಡುತ್ತಿದ್ದಾಳೆ, ಫೈನ್ ಎಂದು ಅವಳೇ ಒಪ್ಪಿದ್ದಾಳೆ ಎಂದು ಬರೆದಿದ್ದ. ಸಾಕ್ಷಿಗೆ ನನ್ನ ಚೀಟಿಯನ್ನೇ ಲಗತ್ತಿಸಿದ್ದ.

ಲಾಯರ್ ಒಬ್ಬ ಗುಜರಾತಿ ಹುಡುಗಿ, ಚುರುಕು. “ಬಾ, ಕಂಪನಿ ಅರ್ಧಕ್ಕೆ ಸೆಟಲ್ ಮಾಡ್ತದಂತೆ. ಒಪ್ಪಿಬಿಡಿ,” ಎಂದಳು.

ನಮ್ಮವರೂ ಅದನ್ನೇ ಹೇಳಿದರು. “ಎಂತಕ್ಕೆ ಮಾರಾಯ್ತಿ ಈ ವಯಸ್ಸಲ್ಲಿ ಕೋರ್ಟು? ಕೊಟ್ಟದ್ದು ತಗೊಂಡು ಮುಗಿಸುವ.”

“ನಾನು ನಾಟಕದವಳು ಅಂತ ಬರೆದಿದ್ದಾನೆ. ಅದು ಸುಳ್ಳು ಅಂತ ಅವನ ಬಾಯಿಂದಲೇ ಬರಬೇಕು. ದುಡ್ಡು ಆಮೇಲೆ.”

“ಪಾಪ, ಅವ ಹೊಟ್ಟೆಪಾಡಿಗೆ ಮಾಡಿದ್ದು.”

“ಅವತ್ತು ಅವನ ಹೊಟ್ಟೆಗೆ ಹಾಕಿದ್ದು ನಾನಲ್ಲವಾ?”

ಟ್ರಿಬ್ಯುನಲ್‌ನಲ್ಲಿ ಕಂಪನಿಯ ವಕೀಲರು ಚೀಟಿಯನ್ನು ಎತ್ತಿ ಹಿಡಿದರು. “ಇದು ನಿಮ್ಮ ಕೈಬರಹವಾ?”

“ಯೆಸ್.”

“ತುಂಬಾ ಚೆನ್ನಾಗಿದೆ. ಮುರಿದ ಕೈಯಲ್ಲಿ ಬರೆದಿರಾ?”

“ಅಲ್ಲ. ಇನ್ನೊಂದರಲ್ಲಿ.”

ನಾನು ಹುಟ್ಟಾ ಎಡಚಿ. ಎಡಗೈಯಲ್ಲಿ ಪೆನ್ಸಿಲ್ ಹಿಡಿದಾಗಲೆಲ್ಲ ಕಾನ್ವೆಂಟಿನ ಸಿಸ್ಟರ್ ಫುಟ್‌ರೂಲರಿನಿಂದ ಗೆಣ್ಣಿಗೆ ಹೊಡೆದು ಬಲಗೈ ರೂಢಿ ಮಾಡಿಸಿದ್ದರು. ಪ್ಲಾಸ್ಟರ್ ಹಾಕಿದ್ದ ತಿಂಗಳುಗಳಲ್ಲಿ ಫೋರ್‌ಲೈನ್ ಪುಸ್ತಕ ತರಿಸಿ, ಆ ಹಳೆಯ ಕೈಗೆ ಮತ್ತೆ ಅಕ್ಷರ ಕಲಿಸಿಕೊಂಡಿದ್ದೆ. ಕಾಪಿ ಬರೆಯುತ್ತಾ ಎಷ್ಟೋ ಸಲ ಅತ್ತಿದ್ದೇನೆ, ಏಟು ತಿಂದ ಏಳು ವರ್ಷದ ಆ ಹುಡುಗಿಗಾಗಿ.

ಜಡ್ಜ್ ಕಾಗದ ಕೊಡಿಸಿದರು. ಎಡಗೈಯಲ್ಲಿ ಒಂದು ಸಾಲು ಬರೆದೆ. ಅದೇ ಚೀಟಿಯ ಅಕ್ಷರ. ಪೆನ್ನನ್ನು ಬಲಗೈಗೆ ಕೊಟ್ಟೆ. ಅದು ಜಾರಿ ನೆಲಕ್ಕೆ ಬಿತ್ತು.

ಮುಂದಿನ ತಾರೀಕಿಗೆ ಆ ಇನ್ವೆಸ್ಟಿಗೇಟರ್‌ನ ಸರದಿ. ನಮ್ಮ ಲಾಯರ್ ಹುಡುಗಿ ಕೇಳಿದಳು: “ಇವರು ಬರೆಯುವಾಗ ನೀವು ಎದುರಿಗೇ ನಿಂತಿದ್ದಿರಿ. ಯಾವ ಕೈಯಲ್ಲಿ ಬರೆದರು?”

ಒಮ್ಮೆ ನನ್ನ ಕೈಯತ್ತ ನೋಡಿದ. “ಎಡಗೈ.”

“ರಿಪೋರ್ಟಿನಲ್ಲಿ ಅದನ್ನು ಬರೆದಿರಾ?”

“ಇಲ್ಲ.”

“ಏನು ಬರೆದಿದ್ದೀರೋ ಓದಿ. ಜೋರಾಗಿ.”

ಓದಿದ. ಕಿವಿ ಕೆಂಪಾಗಿತ್ತು. ನಾನು ಹುಡುಗಿಯ ಕೋಟು ಜಗ್ಗಿದೆ. “ಇನ್ನೊಮ್ಮೆ ಓದಿಸು.”

“ಬಾ, ಗೆದ್ದಾಯಿತು. ಸಾಕು,” ಎಂದು ಪಿಸುಗುಟ್ಟಿದಳು.

“ಇನ್ನೊಮ್ಮೆ.”

ಓದಿಸಿದಳು. ಎರಡನೆಯ ಸಲ ಅವನ ದನಿ ನಡುಗಿತು. ಸಿಹಿ ತಿಂದ ಹಾಗಿತ್ತು ನನಗೆ.

ತೀರ್ಪು ನಮ್ಮ ಕಡೆಗೇ ಬಂತು. ರಿಪೋರ್ಟು ನಂಬಲು ಅರ್ಹವಲ್ಲ, ವಿಷಯ ಮುಚ್ಚಿಟ್ಟು ಬರೆದದ್ದು ಎಂದು ಜಡ್ಜ್ ಒಂದಿಡೀ ಪ್ಯಾರಾ ಬರೆದಿದ್ದರು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಆ ಪುಟದ ಝೆರಾಕ್ಸ್ ಮಾಡಿಸಿ, ಅವನಿಗೆ ಕೆಲಸ ಕೊಡುವ ವಡೋದರ, ಅಹಮದಾಬಾದಿನ ಕಂಪನಿಗಳ ವಿಳಾಸ ಹುಡುಕಿಸಿ, ಪ್ರತಿಯೊಂದಕ್ಕೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಕವರಿಂಗ್ ಲೆಟರ್ ಎರಡೇ ಸಾಲು, ಬಹಳ ಪೊಲೈಟ್.

ಮಳೆಗಾಲ ಮುಗಿಯುವ ಹೊತ್ತಿಗೆ ಲಾಯರ್ ಹುಡುಗಿ ಸುದ್ದಿ ತಂದಳು. ಈಗ ಅವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲವಂತೆ.

ನಮ್ಮವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಲೋಟ ಕೆಳಗಿಡುತ್ತಾ, “ಅವನಿಗೆ ಸ್ಕೂಲಿಗೆ ಹೋಗುವ ಎರಡು ಮಕ್ಕಳಿದ್ದಾವಂತೆ,” ಎಂದರು.

“ಇರಲಿ,” ಎಂದೆ.