ಬೆಡಗು ಕೇಳಲು ಹೋದ ಸತ್ಯವ್ವ

ಬೆಂಗೇರಿ ಸಂತೆಯಲ್ಲಿ ಹಸಿಮೆಣಸಿನಕಾಯಿ ಮಾರುವ ಸತ್ಯವ್ವ ಸತ್ತುಹೋದ ಮಾವನನ್ನು ದಿನಾ ಬೈಯುತ್ತಿದ್ದಳು. ಆ ಮುದುಕ ಚಿಕ್ಕಂದಿನಲ್ಲಿ ಯಾವುದೋ ಕುರಿಹಿಂಡಿನ ಬೆನ್ನು ಹತ್ತಿ ಬಂದು ಇಲ್ಲೇ ಉಳಿದವನು. ತನ್ನ ಬೆಡಗು, ಅಂದರೆ ಕುಲದೊಳಗಿನ ವಂಶ, ಯಾವುದೆಂದು ಅವನಿಗೇ ಗೊತ್ತಿರಲಿಲ್ಲ. ಸತ್ಯವ್ವನ ಅಪ್ಪ ದುಡಿಯುವ ಕೈ ನೋಡಿ ಆ ಮನೆಗೆ ಮಗಳನ್ನು ಕೊಟ್ಟಿದ್ದ, ಬೆಡಗು ಕೇಳಿರಲಿಲ್ಲ. ಈಗ ರಾಯಾಪುರದ ಮಾಳವ್ವ ಕೇಳಿದಳು.

ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಮಾಳವ್ವನ ಮಗ ಕಲ್ಲೇಶನೂ ಸತ್ಯವ್ವನ ಮಗಳು ದ್ರಾಕ್ಷಾಯಿಣಿಯೂ ಒಬ್ಬರನ್ನೊಬ್ಬರು ಒಪ್ಪಿ ಕೂತಿದ್ದರು.

“ನಿಮ್ಮದೂ ನಮ್ಮದ ಬೆಡಗ ಇದ್ರ ಅಣ್ಣಗ ತಂಗಿನ್ನ ತಂದಂಗ ಆಗತೈತಿ. ಗೊತ್ತ ಮಾಡಿ ಹೇಳಬೇ,” ಎಂದು ಮಾಳವ್ವ ಎದ್ದುಹೋದಳು.

ಎಲ್ಲಿ ಗೊತ್ತು ಮಾಡುವುದು? ಎರಡು ಸಾವಿರದ ಮೂರರ ಆ ಬೇಸಿಗೆಯಲ್ಲೇ ಸಮುದಾಯ ಭವನಕ್ಕೆ ರಕ್ತ ತೆಗೆಯುವವರು ಬಂದರು. ಯಾವ ಜನ ಎಲ್ಲಿಂದ ಬಂದರು, ಯಾರೊಡನೆ ಬೆರೆತರು ಎಂಬುದನ್ನು ರಕ್ತದಲ್ಲಿ ನೋಡುತ್ತಾರಂತೆ. “ನಿಮ್ಮ ಮೂಲ ತಿಳಿಯುತ್ತದೆ,” ಎಂದು ಡಾಕ್ಟರಬಾಯಿ ಅಂದದ್ದೇ ತಡ, ಸತ್ಯವ್ವ ಗಂಡ ಬೀರಪ್ಪನನ್ನು ಎಳೆದುಕೊಂಡು ಹೋದಳು. ಮಾಳವ್ವನನ್ನೂ ಕರೆಸಿದಳು. ಎರಡೂ ಮನೆಯ ರಕ್ತ ನೋಡಿಬಿಡಲಿ.

“ನಮಗೆ ಸಂಬಂಧಿಕರಲ್ಲದವರೇ ಬೇಕು. ಈ ಸಾಲಿನಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?” ಎಂದು ಡಾಕ್ಟರಬಾಯಿ ಬೀರಪ್ಪನನ್ನು ಕೇಳಿದಳು.

“ಅದಾರಲ್ರಿ. ಇವರು ದಸ್ತಗೀರ ಕಾಕಾ, ಆಕಿ ಚಾಂದಬಿ ಅತ್ತಿ.”

“ಹಾಗಾದರೆ ಬೇಡ, ಏಳಿ.”

ಸತ್ಯವ್ವ ಹಣೆ ಬಡಿದುಕೊಂಡಳು. “ಬಾಯಿಮಾತಿಗೆ ಕರಿಯೂದ್ರಿ ಅದು! ಮಗ್ಗಲಮನಿಯವ್ರು. ನಮಗ ಏನೂ ಆಗಬೇಕಿಲ್ಲ!”

ದಸ್ತಗೀರಸಾಬನಿಗೆ ಚುರುಕ್ಕೆಂದಿತು. “ಏನೂ ಆಗಬೇಕಿಲ್ಲಾ? ನಿನ್ನಿ ಕಾಕಾ ಅಂದು ನಮ್ಮ ಮನ್ಯಾಗ ಚಾ ಕುಡದಾಕಿ ಯಾರಬೇ?”

“ತಟಗ ಸುಮ್ನಿರು ಕಾಕಾ!”

“ನೋಡ್ರಿ, ಮತ್ತ ಕಾಕಾ ಅಂದ್ಲು!”

ಸಾಲೆಲ್ಲ ನಕ್ಕಿತು. ಅವರು ಬರೀ ನೆರೆಯವರೆಂದು ಸತ್ಯವ್ವ ಹತ್ತು ಸಲ ಹೇಳಿದ ಮೇಲೆ ಬೀರಪ್ಪನ ತೋಳಿಗೆ ಸೂಜಿ ಬಿತ್ತು. ಸತ್ಯವ್ವ ಅಲ್ಲೇ ನಿಂತು, “ಬೆಡಗು ಯಾವಾಗ ಹೇಳತೀರಿ?” ಎಂದಳು.

“ಒಬ್ಬೊಬ್ಬರದು ಹೇಳುವುದಿಲ್ಲಮ್ಮ. ಎಲ್ಲರದನ್ನೂ ಕೂಡಿಸಿ ನೋಡುತ್ತೇವೆ. ಸಾವಿರಾರು ವರ್ಷದ ಹಿಂದಿನ ವಿಷಯ.”

“ಸಾವಿರ ವರ್ಷದ್ದು ತಿಳೀತೈತಿ, ನಮ್ಮ ಮಾವಂದು ತಿಳಿಯೂದಿಲ್ಲ! ದೂರದ ಗುಡ್ಡ ಕಾಣತೈತಿ, ಕಾಲಾಗಿನ ಮುಳ್ಳ ಕಾಣೂದಿಲ್ಲೇನ್ರಿ ನಿಮಗ?”

ಅಷ್ಟರಲ್ಲಿ ಮಾಳವ್ವನ ಪಾಳಿ ಬಂತು. ಬೀರಪ್ಪನ ತೋಳಿನಿಂದ ಹೊರಬಂದ ಸೂಜಿಯ ಉದ್ದ ಕಂಡದ್ದೇ ಅವಳ ಮುಖ ಬಿಳಚಿತು. “ನಿಮ್ಮ ಸಂಬಂಧಿಕರು...” ಎಂದು ಡಾಕ್ಟರಬಾಯಿ ಬಾಯಿ ತೆರೆದಳೋ ಇಲ್ಲವೋ, ಮಾಳವ್ವ ದಡಗ್ಗನೆ ಎದ್ದಳು.

“ಅದಾರ್ರಿ! ಈ ಬೀರಪ್ಪ ನಮ್ಮ ಬೀಗರು! ನನ್ನ ಬಿಡ್ರಿ!”

ಸತ್ಯವ್ವ ಬಾಗಿಲಿಗೆ ಅಡ್ಡ ನಿಂತಳು. “ಯಕ್ಕಾ, ಏನಂದಿ?”

“ಬೀಗರು ಅಂದೆ...”

“ಒಂದ ಬೆಡಗಿನವರು ಎಲ್ಲೆರ ಬೀಗರ ಆಗತಾರೇನು? ಬೆಡಗು ಬ್ಯಾರೆ ಅಂತ ನಿನ್ನ ಬಾಯಿಲೆ ಬಂತು. ಕಾಕಾ, ಕೇಳಿದಿ ಇಲ್ಲೊ?”

“ಕೇಳೇನಿ. ಮೊದಲ ಹೇಳು, ನಾ ನಿನಗ ಏನ ಆಗಬೇಕು?” ಎಂದ ದಸ್ತಗೀರಸಾಬ.

“ಕಾಕಾ ಆಗಬೇಕಪಾ, ಖಾಸ ಕಾಕಾ! ಸಾಕ?”

ಚಹಾಕ್ಕೆಂದು ಇಟ್ಟಿದ್ದ ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದು ಸತ್ಯವ್ವ ಮಾಳವ್ವನ ಬಾಯಿಗೆ ಹಿಡಿದಳು. ಬೀಗರ ಕೈಯ ಸಕ್ಕರೆ ತಿಂದರೆ ಮದುವೆ ಗಟ್ಟಿಯಾದ ಹಾಗೆ. ಮಾಳವ್ವ ಹಿಂದೆ ತಿರುಗಿ ಸೂಜಿಯನ್ನೊಮ್ಮೆ ನೋಡಿ, ಬಾಯಿ ತೆರೆದಳು.

“ಅಲ್ಲಮ್ಮ, ಇವರು ನಿಮಗೆ ಸಂಬಂಧಿಕರೋ ಅಲ್ಲವೋ?” ಡಾಕ್ಟರಬಾಯಿಯ ಸಹನೆ ಮುಗಿದಿತ್ತು.

“ಇಲ್ಲೀತನಕ ಅಲ್ಲ,” ಎಂದಳು ಸತ್ಯವ್ವ, “ಈಗ ಆದ್ರು ನೋಡ್ರಿ.”